ತಡ ಯಾರದು?

ಅಮೆರಿಕದ ಹಿಸ್ಪಾನಿಕ್ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿಯರಿಗಿಂತ ಕಡಿಮೆ. ಪತ್ತೆಯಾಗುವುದು ಮಾತ್ರ ತಡ. ನಮ್ಮ ಹಳ್ಳಿಗಳ ಕಥೆಯೂ ಅದೇ. ಕಾರಣ ಕೇಳಿದರೆ 'ಹೆಂಗಸರಿಗೆ ನಾಚಿಕೆ' ಎನ್ನುತ್ತೇವೆ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಅದು ತಪ್ಪನ್ನೆಲ್ಲ ಅವಳ ತಲೆಗೇ ಕಟ್ಟುತ್ತದೆ. ಹಟ್ಟಿಯಂಗಡಿಯ ಕೂಲಿ ಹೆಂಗಸು ನೋವೇ ಇಲ್ಲದ ಗಂಟು ತೋರಿಸಲು ಮಣಿಪಾಲಕ್ಕೆ ಹೋಗಬೇಕಾದರೆ ದಿನದ ಕೂಲಿ ಬಿಡಬೇಕು, ಜೊತೆಗೊಬ್ಬರು ಬೇಕು. ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಖರ್ಚು ಕೊಟ್ಟೀತು, ಕಳೆದ ಕೂಲಿಯನ್ನಲ್ಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಸುಮಾರು 1.5 ಲಕ್ಷ ಹೆಂಗಸರ ಅಧ್ಯಯನ ಆರಂಭಿಸಿತು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ಆರೋಗ್ಯ ಕಾರ್ಯಕರ್ತೆಯರು ವಸತಿಯ ಹತ್ತಿರವೇ, ಎರಡು ವರ್ಷಕ್ಕೊಮ್ಮೆ, ಬರೀ ಕೈಯಿಂದ ಪರೀಕ್ಷಿಸಿದರು. 2021ರ ವರದಿಯಂತೆ ಗಂಟು ಬೇಗ ಸಿಕ್ಕಿತು. 50 ದಾಟಿದವರಲ್ಲಿ ಸಾವು ಶೇ. 30ರಷ್ಟು ಇಳಿಯಿತು (ಕಿರಿಯರಲ್ಲಿ ಇಳಿಯಲಿಲ್ಲ). ಆ ಹೆಂಗಸರಿಗೂ ನಾಚಿಕೆ ಇದ್ದೇ ಇತ್ತಲ್ಲ!