ಮನಸ್ಸಿನ ವ್ಯಾಧಿಯೂ ನಮ್ಮ ಕರ್ತವ್ಯವೂ

ಶರೀರಕ್ಕೆ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲು ಯಾರಿಗೂ ಸಂಕೋಚವಿಲ್ಲ. ಕಣ್ಣಿಗೆ ಪೊರೆ ಬಂದ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದ ಮಗನನ್ನು ನಾವೆಲ್ಲರೂ ಮೆಚ್ಚುತ್ತೇವೆ. ಆದರೆ ಮನಸ್ಸು ಕುಗ್ಗಿದವರನ್ನು ವೈದ್ಯರಿಗೆ ತೋರಿಸಬೇಕೆಂಬ ಮಾತು ಬಂದೊಡನೆ ಮನೆಯವರ ದನಿ ತಗ್ಗುತ್ತದೆ. ದೈವಭಕ್ತರ ಮನೆಯಲ್ಲಿ ಇಂತಹ ರೋಗ ಬರಬಹುದೇ, ಬಂದರೆ ಅದಕ್ಕೆ ಔಷಧ ಸೇವಿಸುವುದು ಭಗವಂತನಲ್ಲಿಟ್ಟ ವಿಶ್ವಾಸಕ್ಕೆ ಕೊರತೆಯಲ್ಲವೇ ಎಂದು ಪ್ರವಚನ ಮುಗಿದ ಬಳಿಕ ಮೆಲ್ಲನೆ ಕೇಳಿದವರುಂಟು. ಪ್ರಶ್ನೆ ಪ್ರಾಮಾಣಿಕವಾದುದು. ಆದುದರಿಂದ ಉತ್ತರವೂ ಪ್ರಾಮಾಣಿಕವಾಗಿರಬೇಕು.

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ಸ್ವಂತ ಊರಿನ ಮನೆಯನ್ನು ಬಿಟ್ಟು ದೊಡ್ಡನೆಕ್ಕುಂದಿಯಲ್ಲಿರುವ ಮಗನ ಮನೆಗೆ ಬಂದು ನೆಲೆಸಿದರು. ಬೆಳಿಗ್ಗೆ ಕೆರೆಯ ಕಡೆಗೆ ವಾಯುವಿಹಾರ, ಸಂಜೆ ಪ್ರವಚನ, ನಡುವೆ ಪಾರಾಯಣ. ಇದು ಅವರ ದಿನಚರಿಯಾಗಿತ್ತು. ಕ್ರಮೇಣ ಅವರು ಕಾಣಿಸುವುದು ಕಡಿಮೆಯಾಯಿತು. ರಾತ್ರಿ ಮೂರು ಗಂಟೆಗೇ ಎಚ್ಚರವಾಗಿ ಕತ್ತಲೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆಂದೂ ಊಟ ಸೇರುವುದಿಲ್ಲವೆಂದೂ ತಿಳಿದು ನಾವು ನಾಲ್ವರು ನೋಡಿಬರಲು ಹೋದೆವು. "ರಾಯರೇ, ನಿಮಗೇನು ಕಡಿಮೆಯಾಗಿದೆ? ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಧೈರ್ಯ ತಂದುಕೊಳ್ಳಿ, ಹರಿಸ್ಮರಣೆ ಮಾಡಿ, ಎಲ್ಲವೂ ಸರಿಹೋಗುತ್ತದೆ" ಎಂದೆವು. ಅವರು ನೆಲವನ್ನೇ ನೋಡುತ್ತ, "ಸ್ಮರಣೆ ಮಾಡುತ್ತೇನೆ, ನಾಲಗೆ ಮಾತ್ರ ಆಡುತ್ತದೆ. ನನ್ನಂಥವನ ಮಾತು ದೇವರಿಗೆ ಕೇಳೀತೇ?" ಎಂದರು. ನಾವು ಕರ್ತವ್ಯ ಮುಗಿಯಿತೆಂದು ಮನೆಗೆ ಮರಳಿದೆವು.

ಒಂದು ದಿನ ಅವರು ಬ್ಯಾಂಕಿನ ಕಾಗದಪತ್ರಗಳೆಲ್ಲಿವೆ, ಗ್ರಂಥಗಳು ಯಾರಿಗೆ ಸೇರಬೇಕು ಎಂಬುದನ್ನು ಸೊಸೆಗೆ ವಿವರಿಸತೊಡಗಿದರಂತೆ. ಆ ತಾಯಿ ಅದರ ಅರ್ಥವನ್ನು ಗ್ರಹಿಸಿದಳು. "ಮಾವ, ಪ್ರಾಣ ಬಿಡಬೇಕೆಂದು ನಿಮಗೆ ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿದಳು. ಅವರು ಅತ್ತುಬಿಟ್ಟರು. ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ದಳು. ಕೆಲವು ವಾರಗಳಲ್ಲಿ ನಿದ್ರೆ ಮರಳಿತು, ತಿಂಗಳುಗಳಲ್ಲಿ ಪಾರಾಯಣವೂ ಮರಳಿತು. ಅನಂತರ ಅವರೇ ನಮ್ಮೊಡನೆ ಹೇಳಿದರು: "ನೀವು ಬಂದು ಹೋದ ರಾತ್ರಿಯೇ ನನಗೆ ಅತ್ಯಂತ ಕಷ್ಟವಾಗಿತ್ತು. ಇಷ್ಟೆಲ್ಲ ಇದ್ದೂ ದುಃಖಪಡುವ ನಾನು ಪಾಪಿಯೇ ಇರಬೇಕೆಂದು ನಿಶ್ಚಯವಾಯಿತು." ಸದುದ್ದೇಶದಿಂದ ಆಡಿದ ಮಾತು ಮಾಡಿದ ಕೆಲಸವಿದು.

ನಾವು ಎಡವಿದುದೆಲ್ಲಿ? ನಮ್ಮ ಸಿದ್ಧಾಂತದ ಪ್ರಾಥಮಿಕ ಪಾಠವನ್ನೇ ಮರೆತುದರಲ್ಲಿ. ಮನಸ್ಸು ಜೀವನ ಸ್ವರೂಪವಲ್ಲ, ಅದೊಂದು ಇಂದ್ರಿಯ. ಕಣ್ಣು ಕಿವಿಗಳಂತೆ ಅದೂ ಉಪಕರಣವೇ. ಇಂದ್ರಿಯವು ನಿರ್ದೋಷವಾಗಿದ್ದಾಗ ಮಾತ್ರ ಯಥಾರ್ಥಜ್ಞಾನ ಉಂಟಾಗುತ್ತದೆ. ದೋಷವಿರುವ ಕಣ್ಣಿಗೆ ಒಬ್ಬನೇ ಚಂದ್ರನು ಇಬ್ಬರಾಗಿ ತೋರುವಂತೆ, ವ್ಯಾಧಿಗ್ರಸ್ತವಾದ ಮನಸ್ಸಿಗೂ ಇಲ್ಲದುದು ಇರುವಂತೆ ತೋರಬಹುದು. ಆದರೆ ಸುಖದುಃಖಗಳನ್ನು ಅರಿಯುವುದು ಸಾಕ್ಷಿ. ಸಾಕ್ಷಿಯ ಅನುಭವ ಎಂದಿಗೂ ಹುಸಿಯಲ್ಲ. ಹಾಗಿದ್ದ ಮೇಲೆ "ನನಗೆ ನೋವಾಗುತ್ತಿದೆ" ಎಂದು ಒಬ್ಬರು ಹೇಳಿದಾಗ ಅದನ್ನು ಅಲ್ಲಗಳೆಯಲು ನಮಗೆ ಅಧಿಕಾರವಿಲ್ಲ. "ನಾನು ಯಾರಿಗೂ ಬೇಡದವನು, ದೇವರೂ ನನ್ನನ್ನು ಕೈಬಿಟ್ಟಿದ್ದಾನೆ" ಎಂಬುದು ಮಾತ್ರ ದುಷ್ಟವಾದ ಇಂದ್ರಿಯದ ತೀರ್ಮಾನ. ಅದನ್ನು ಅವರೂ ನಂಬಬೇಕಾಗಿಲ್ಲ. ನಾವು ಮಾಡಿದುದು ಇದಕ್ಕೆ ತಲೆಕೆಳಗು. ಸತ್ಯವಾದ ನೋವನ್ನು ಇಲ್ಲವೆಂದೆವು, ಮಿಥ್ಯೆಯಾದ ತೀರ್ಮಾನವನ್ನು ಅವರ ಬಳಿಯೇ ಬಿಟ್ಟುಬಂದೆವು.

ಪ್ರಾರಬ್ಧವನ್ನು ಅನುಭವಿಸಿಯೇ ತೀರಬೇಕಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಜ್ವರವೂ ಪ್ರಾರಬ್ಧವೇ. ಆದರೂ ಜ್ವರ ಬಂದ ಮಗುವಿಗೆ ಮದ್ದು ಕೊಡದ ತಾಯಿಯನ್ನು ನಾವು ಜ್ಞಾನಿಯೆನ್ನುವುದಿಲ್ಲ. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದವರೆಲ್ಲರೂ ಪರತಂತ್ರರು ಎಂದು ನಿತ್ಯವೂ ಹೇಳುವ ನಮಗೆ ಇನ್ನೊಬ್ಬರ ನೆರವನ್ನು ಬೇಡುವುದರಲ್ಲಿ ಯಾವ ಅವಮಾನವಿದೆ? ರಣರಂಗದಲ್ಲಿ ಕುಸಿದು ಕುಳಿತ ಅರ್ಜುನನ ಪ್ರಸಂಗವನ್ನೇ ನೋಡೋಣ. ಭಗವಂತನು ಮೊದಲು ಆಡಿದ ಕಟುವಾದ ಮಾತಿನಿಂದ ಅವನ ವಿಷಾದ ತೊಲಗಲಿಲ್ಲ, ಯುದ್ಧ ಮಾಡೆನೆಂದೇ ಹೇಳಿ ಅವನು ಸುಮ್ಮನಾದನು. ಶಿಷ್ಯನಾಗಿ ಶರಣುಬಂದವನೊಡನೆ ನಡೆದ ಸುದೀರ್ಘವಾದ ಸಂವಾದವೇ ಅವನನ್ನು ಮೇಲಕ್ಕೆತ್ತಿತು. ಅರ್ಜುನನದು ಧರ್ಮಸಂಕಟ, ನಾವು ಹೇಳುತ್ತಿರುವುದು ವ್ಯಾಧಿ. ಎರಡೂ ಒಂದೇ ಅಲ್ಲ. ಆದರೆ ನೆರವನ್ನು ಕೇಳುವುದು ವೀರನಿಗೂ ಕುಂದಲ್ಲವೆಂಬ ಪಾಠ ಎರಡಕ್ಕೂ ಸಲ್ಲುತ್ತದೆ.

ಇನ್ನು ವ್ಯಾಧಿಯ ಲಕ್ಷಣಗಳು. ಇಷ್ಟರನ್ನು ಕಳೆದುಕೊಂಡಾಗ ದುಃಖಪಡುವುದು ಸಹಜ, ಅದು ರೋಗವಲ್ಲ. ಆದರೆ ಎರಡು ವಾರಗಳಿಗೂ ಮೀರಿ, ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇರುವುದು ಅಥವಾ ಪ್ರಿಯವಾದ ಕಾರ್ಯಗಳಲ್ಲಿಯೂ ಆಸಕ್ತಿ ಬತ್ತಿಹೋಗುವುದು ಖಿನ್ನತೆಯ ಮುಖ್ಯ ಚಿಹ್ನೆ. ನಿದ್ರೆ ಕೆಡುವುದು, ಹಸಿವು ಕುಂದುವುದು, ಕಾರಣವಿಲ್ಲದ ಆಯಾಸ, ಮರೆವು, ತಾನು ನಿಷ್ಪ್ರಯೋಜಕನೆಂಬ ಭಾವನೆ, ಸಾವಿನ ಚಿಂತೆ ಇವು ಅದರ ಜೊತೆಗೂಡುತ್ತವೆ. ಬಾಣಂತಿಯರಲ್ಲಿ ಇದು ಕಾಣಿಸಿಕೊಂಡರೆ ಮಗುವಿನ ಮೇಲೆ ಮಮತೆಯಿಲ್ಲವೆಂದು ಹಳಿಯುತ್ತೇವೆ, ವೃದ್ಧರಲ್ಲಿ ಬಂದರೆ ವಯಸ್ಸಿನ ದೋಷವೆನ್ನುತ್ತೇವೆ, ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ದುಡಿಯುವ ತರುಣರಲ್ಲಿ ಬಂದರೆ ಸೋಮಾರಿತನವೆನ್ನುತ್ತೇವೆ. ಥೈರಾಯ್ಡ್ ಗ್ರಂಥಿಯ ನ್ಯೂನತೆ, ಸಸ್ಯಾಹಾರಿಗಳಾದ ನಮ್ಮಲ್ಲಿ ಕಾಣುವ ಬಿ-12 ಜೀವಸತ್ವದ ಕೊರತೆ, ರಕ್ತಹೀನತೆ ಇವುಗಳಲ್ಲಿಯೂ ಇಂತಹ ಲಕ್ಷಣಗಳು ತೋರುವುದರಿಂದ ರಕ್ತಪರೀಕ್ಷೆ ಮಾಡಿಸಿ ನಿರ್ಣಯಿಸಬೇಕಾದವರು ವೈದ್ಯರು. ರೋಗವನ್ನು ಬೆಳೆಸುವ ಕಾರಣಗಳಲ್ಲಿ ವಿಷಾದವೇ ಪ್ರಧಾನವೆಂದು ಚರಕಸಂಹಿತೆಯೂ ಹೇಳಿದೆ.

ಈ ವಿಷಯದಲ್ಲಿ ಬೆಂಗಳೂರಿನ ನಿವಾಸಿಗಳಾದ ನಾವು ಭಾಗ್ಯವಂತರು. 1847ರಲ್ಲಿ ಇಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರವು ಮಾನಸಿಕ ಆಸ್ಪತ್ರೆಯೆಂದು ಗೌರವದ ಹೆಸರನ್ನಿತ್ತಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಸಂಸ್ಥೆಯಾಯಿತು. ರೋಗಿಯೊಡನೆ ಮನೆಯವರೂ ಉಳಿದು ಆರೈಕೆಯಲ್ಲಿ ಭಾಗಿಗಳಾಗುವ ಪದ್ಧತಿ ಅಲ್ಲಿ ದಶಕಗಳಿಂದ ನಡೆದುಬಂದಿದೆ. ಆ ಸಂಸ್ಥೆಯವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ತುತ್ತಾಗುತ್ತಾರೆ. ಅದರಿಂದ ಬಳಲುವವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಪ್ರವಚನಕ್ಕೆ ನೂರು ಮಂದಿ ಸೇರಿದರೆ ಅವರಲ್ಲಿ ಎಷ್ಟು ಮಂದಿ ಮೌನವಾಗಿ ಬಳಲಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. ಹಳೆಯ ಹೆಸರು ಬದಲಾಗಿ ಸುಮಾರು ನೂರು ವರ್ಷಗಳಾದರೂ "ಹುಚ್ಚಾಸ್ಪತ್ರೆ" ಎಂಬ ಪದ ನಮ್ಮ ಬಾಯಿಂದ ಹೋಗಿಲ್ಲ. ಆ ಪದಕ್ಕೆ ಅಂಜಿಯೇ ಎಷ್ಟೋ ಮಂದಿ ಮನೆಯಲ್ಲಿಯೇ ನವೆಯುತ್ತಾರೆ.

ಚಿಕಿತ್ಸೆಯೆಂದರೆ ಔಷಧ ಮತ್ತು ಆಪ್ತಸಲಹೆ. ರೋಗದ ತೀವ್ರತೆಯನ್ನು ನೋಡಿ ಒಂದನ್ನೋ ಎರಡನ್ನೋ ವೈದ್ಯರು ವಿಧಿಸುತ್ತಾರೆ. ಔಷಧದ ಗುಣ ಕಾಣಲು ಕೆಲವು ವಾರಗಳು ಬೇಕು. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ, ತಾವಾಗಿಯೇ ನಿಲ್ಲಿಸಬಾರದು. ಏಕಾದಶಿಯಂದು ಮಾತ್ರೆ ನುಂಗಬಹುದೇ ಎಂಬ ಸಂದೇಹ ನಮ್ಮ ಮನೆಗಳಲ್ಲಿ ಏಳುವುದು ಸಹಜ. ವ್ರತಕ್ಕೆ ಭಂಗ ತರದ ಎಂಟರಲ್ಲಿ ಔಷಧವನ್ನೂ ಧರ್ಮಶಾಸ್ತ್ರಕಾರರು ಎಣಿಸಿದ್ದಾರೆಂಬುದನ್ನು ಸ್ಮರಿಸಬೇಕು. ರೋಗಿಯು ಉಪವಾಸ ಮಾಡಬಹುದೇ ಎಂಬುದನ್ನು ವೈದ್ಯರನ್ನೂ ಬಲ್ಲ ಹಿರಿಯರನ್ನೂ ಕೇಳಿ ನಿಶ್ಚಯಿಸುವುದು ಕ್ಷೇಮ.

ಪ್ರಾಣಹಾನಿಯ ಯೋಚನೆಯ ಸುಳಿವು ಕಂಡರೆ ಆ ಸೊಸೆ ಕೇಳಿದಂತೆ ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯಲು ದಾರಿಯಾಗುತ್ತದೆ. ಅಂತಹವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಪರಾತ್ರಿಯಾದರೂ 14416 ಎಂಬ ದೂರವಾಣಿ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸೇವೆಯಿದು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರವಾದ ಮನೋವೇದನೆಯಲ್ಲಿದ್ದರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸುತ್ತದೆ. ಆದುದರಿಂದ ಪೋಲೀಸರ ಭಯದಿಂದ ಮುಚ್ಚಿಡಬೇಕಾದುದೂ ಇಲ್ಲ.

ಹಾಗಾದರೆ ಹರಿಸ್ಮರಣೆ ಬೇಡವೇ? ಬೇಕು. ಆದರೆ ಸ್ಮರಣೆ ಮಾಡಲಾರದ ಸ್ಥಿತಿಯಲ್ಲಿರುವವರನ್ನು ಸ್ಮರಣೆ ಮಾಡಲಿಲ್ಲವೆಂದು ದೂಷಿಸುವುದು ಕಾಲು ಮುರಿದವನನ್ನು ಪ್ರದಕ್ಷಿಣೆ ಬರಲಿಲ್ಲವೆಂದು ದೂಷಿಸಿದಂತೆ. ಅವರ ಪರವಾಗಿ ಪ್ರಾರ್ಥನೆಯನ್ನು ನಾವು ಮಾಡೋಣ, ಅವರನ್ನು ಕೈಹಿಡಿದು ವೈದ್ಯರಲ್ಲಿಗೂ ಕರೆದೊಯ್ಯೋಣ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಮಾಡಿ ಮನೆಗೆ ಮರಳಿದ ನಮಗೆ ಈ ಮಾತನ್ನು ಹೇಳಲೇಬೇಕಾದ ಋಣವಿದೆ.

ಆ ಹಿರಿಯರು ಈಗ ಪ್ರವಚನಕ್ಕೆ ಮೊದಲೇ ಬಂದು ಜಮಖಾನ ಹಾಸುತ್ತಾರೆ. ಯಾರಾದರೂ ಹಲವು ದಿನ ಕಾಣದಿದ್ದರೆ ಅವರ ಮನೆಗೆ ಮೊದಲು ಹೋಗುವವರೂ ಅವರೇ. ಹೋಗಿ ಉಪದೇಶ ಮಾಡುವುದಿಲ್ಲ, "ನಿದ್ರೆ ಬರುತ್ತಿದೆಯೇ?" ಎಂದಷ್ಟೇ ಕೇಳಿ, ಉತ್ತರ ಬರುವವರೆಗೂ ಕುಳಿತಿರುತ್ತಾರೆ.

ಶ್ರೀಕೃಷ್ಣಾರ್ಪಣಮಸ್ತು.