ಆರನೆಯ ದಿನದ ಎಣಿಕೆ

ಜೂನ್ ತಿಂಗಳಲ್ಲಿ ಶಾಲೆ ತೆರೆದ ಬಳಿಕದ ಆರನೆಯ ಕೆಲಸದ ದಿನವು ಕಾಸರಗೋಡಿನ ಕನ್ನಡ ಅಧ್ಯಾಪಕರಿಗೆ ಆತಂಕದ ದಿನ. ಅಂದಿನ ಮಕ್ಕಳ ಲೆಕ್ಕವನ್ನು ಆಧರಿಸಿಯೇ ಕೇರಳದ ಶಾಲೆಗಳಲ್ಲಿ ಡಿವಿಜನ್‌ಗಳೂ ಅಧ್ಯಾಪಕ ಹುದ್ದೆಗಳೂ ನಿರ್ಧಾರವಾಗುತ್ತವೆ. ಒಂದೇ ಅಂಗಳದಲ್ಲಿ ಮಲಯಾಳ ಮತ್ತು ಕನ್ನಡ ವಿಭಾಗಗಳಿರುವ ಶಾಲೆಗಳು ನಮ್ಮಲ್ಲಿ ಹಲವು. ಅಲ್ಲಿ ಕನ್ನಡದ ಬೆಂಚು ಬರಿದಾಗುವುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ.

ನಿವೃತ್ತನಾದ ಮೇಲೂ ಹಳೆಯ ಅಭ್ಯಾಸದಿಂದ, ಒಂದು ಮೇ ತಿಂಗಳ ಕೊನೆಯಲ್ಲಿ, ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿರೆಂದು ಕೇಳುತ್ತ ಮನೆಮನೆಗೆ ಹೋಗಿದ್ದೆ. ಬೀಡಿ ಕಟ್ಟುತ್ತಿದ್ದ ತಾಯಿಯೊಬ್ಬರು ಮಡಿಲ ಗೆರಸೆಯನ್ನು ಬದಿಗಿಟ್ಟು ಕೇಳಿದರು: “ಮಾಷ್ಟ್ರೇ, ನಿಮ್ಮ ಮಗ ಕಲಿತದ್ದು ಯಾವ ಶಾಲೆಯಲ್ಲಿ?”

ಅವನು ಕಲಿತದ್ದು ಆಂಗ್ಲ ಮಾಧ್ಯಮದಲ್ಲಿ. ಹಾಗೆಂದು ಹೇಳಿ ತಲೆ ತಗ್ಗಿಸಿ ಹಿಂದಿರುಗಿದೆ.

ತಾನು ಮಾಡದುದನ್ನು ಪರರಿಂದ ಬೇಡುವ ಅಧಿಕಾರ ಒಬ್ಬನಿಗೆ ಉಂಟೆ? ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ಲೋಕ ನಗುತ್ತದೆ. ಹೇಳುವವನು ನಡೆಯದಿದ್ದ ಮಾತ್ರಕ್ಕೆ ಹೇಳಿದ ಮಾತು ಸುಳ್ಳಾಗದು ಎಂದು ನಾನು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಆ ತಾಯಿಯ ಪ್ರಶ್ನೆ ಇನ್ನೂ ಆಳದ್ದು. ಮಗುವು ಭಾಷೆಯ ದೀಪಕ್ಕೆ ಸುರಿಯುವ ಎಣ್ಣೆಯಲ್ಲ. ಕನ್ನಡ ಉಳಿಯಲೆಂದು ಆಕೆಯ ಮಗಳನ್ನು ಕೇಳುವುದಾದರೆ, ಆ ಮಗಳಿಗೆ ಅದರಿಂದ ಒಳಿತಾಗುವುದೆಂದು ನಾನು ಮೊದಲು ತೋರಿಸಬೇಕು.

ಒಳಿತನ್ನು ಅಳೆಯುವ ಬಗೆ ಯಾವುದು? ಕೇರಳದಲ್ಲಿ ಇತ್ತೀಚಿನ ವರ್ಷಗಳ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 99ನ್ನು ದಾಟಿದೆ. ಎಲ್ಲರೂ ಉತ್ತೀರ್ಣರಾಗುವಲ್ಲಿ ಫಲಿತಾಂಶವು ಶಾಲೆಯ ಗುಣವನ್ನು ಹೇಳಲಾರದು. ನಾಲ್ಕನೆಯ ತರಗತಿಯ ಮಗು ಒಂದು ಪುಟವನ್ನು ತಾನೇ ಓದಿ ಅರ್ಥ ಹೇಳಬಲ್ಲುದೆ, ಮಲಯಾಳವನ್ನೂ ಇಂಗ್ಲಿಷನ್ನೂ ಅಂಜಿಕೆಯಿಲ್ಲದೆ ಕಲಿಯುತ್ತಿದೆಯೆ, ಎದುರು ನಿಂತ ಅಧ್ಯಾಪಕರಿಗೆ ಅದರ ಮಾತು ತಿಳಿಯುತ್ತದೆಯೆ ಎಂಬುದೇ ನಿಜವಾದ ಅಳತೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಅನುಕೂಲವನ್ನು ಕಲ್ಪಿಸಬೇಕೆನ್ನುತ್ತದೆ. ಆದರೂ ಕನ್ನಡವರಿಯದವರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ಗಡಿನಾಡಿನ ಜನ ಬೀದಿಗಿಳಿಯಬೇಕಾಗಿ ಬಂದಿದೆ.

ಅಂಥ ತಪ್ಪನ್ನು ನಿತ್ಯವೂ ಗಮನಿಸಿ ಕೇಳಬೇಕಾದವರು ಯಾರು? ಅಧ್ಯಾಪಕರು, ನೌಕರರು, ವ್ಯಾಪಾರಿಗಳು ಮೊದಲಾದ ನಾವೇ ಮೊದಲು ಶಾಲೆಯನ್ನು ಬಿಟ್ಟೆವು. ನಮ್ಮ ಮಕ್ಕಳೊಡನೆ ನಮ್ಮ ದೂರುಗಳೂ ಅಹವಾಲುಗಳೂ ಅಲ್ಲಿಂದ ಹೊರಟುಹೋದವು. ಬೀಡಿ ಕಟ್ಟುವ ತಾಯಿ ಕಚೇರಿಗೆ ಹೋಗಿ ದೂರು ಕೊಡಬೇಕಾದರೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಕೇಳುವವರಿಲ್ಲದ ಶಾಲೆ ಸೊರಗಿತು, ಸೊರಗಿದ ಶಾಲೆಯಿಂದ ಉಳಿದವರೂ ಹೊರಟರು. ಆಮೇಲೆ ನಾವು ವೇದಿಕೆಯೇರಿ ಕನ್ನಡ ಶಾಲೆ ಮುಚ್ಚುತ್ತಿದೆಯೆಂದು ಮರುಗಿದೆವು.

ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿಗೆ, ಮಗುವಿನ ಪರವಾಗಿ ಹೆತ್ತವರಿಗೆ ಸೇರಿದ್ದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿದೆ. ಆದುದರಿಂದ ಮಗನಿಗೆ ಇಂಗ್ಲಿಷನ್ನು ಆರಿಸಿದ್ದನ್ನೇ ನನ್ನ ಅಪರಾಧವೆನ್ನಲಾರೆ. ಊರಿನ ಶಾಲೆಗೆ ನನ್ನ ಮನೆಯ ಮಗು ಹೋಗುವುದಿಲ್ಲವಾದ್ದರಿಂದ ಆ ಶಾಲೆ ನನ್ನದಲ್ಲವೆಂದು ಬಗೆದುದೇ ಅಪರಾಧ. ಹಕ್ಕು ನನ್ನ ಮಗುವಿಗೆ ಮಾತ್ರ ಸಂಬಂಧಿಸಿದ್ದು, ಕರ್ತವ್ಯವಾದರೋ ಊರಿನ ಎಲ್ಲ ಮಕ್ಕಳಿಗೆ ಸಂಬಂಧಿಸಿದ್ದು.

ಮುಂದಿನ ವಾರ ಆ ಮನೆಗೆ ಮತ್ತೆ ಹೋದೆ. ಈ ಬಾರಿ ಏನನ್ನೂ ಬೇಡಲಿಲ್ಲ. “ಮಗು ಎಲ್ಲಿಯೇ ಸೇರಲಿ ಅಮ್ಮಾ, ಶನಿವಾರ ನಮ್ಮ ಜಗಲಿಗೆ ಕಳುಹಿಸಿ, ಓದು ಹೇಳಿಕೊಡುತ್ತೇನೆ” ಎಂದೆ. ಅವರು ಮಗಳನ್ನು ಮಲಯಾಳ ವಿಭಾಗಕ್ಕೆ ಸೇರಿಸಿದರು. ಆರನೆಯ ದಿನ ಕನ್ನಡದ ಲೆಕ್ಕದಲ್ಲಿ ಆ ಮಗು ಇರಲಿಲ್ಲ. ಆದರೆ ಶನಿವಾರ ತಪ್ಪದೆ ಬಂದು ಕನ್ನಡ ಅಕ್ಷರಗಳನ್ನು ತಿದ್ದಿತು. ಬರುವ ಜೂನ್‌ನಲ್ಲಿ ಆಕೆಯ ತಂಗಿ ಒಂದನೆಯ ತರಗತಿಗೆ ಸೇರಬೇಕು. ಅವಳನ್ನು ನಮ್ಮ ಶಾಲೆಗೆ ಕೊಡಿರೆಂದು ಕೇಳುವ ಮೊದಲು, ಆ ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರಿದ್ದಾರೆಯೆ ಎಂದು ನೋಡಿ ಬರುವುದು ನನ್ನ ಕೆಲಸ. ಈ ಸಭೆಯಲ್ಲಿ ಕುಳಿತ ನಮ್ಮೆಲ್ಲರ ಕೆಲಸ.