ಎಲ್ಲೆಯೊಳಗೆ ಕುಳಿತು ಎಲ್ಲೆ ಮೀರುವುದು

ನಮ್ಮ ಅಂಗಡಿಯಲ್ಲಿ 22 ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತರೊಬ್ಬರಿದ್ದಾರೆ. ಕಳೆದ ವರ್ಷ ಒಂದು ಸಂಜೆ ಅವರು ಬಳಿ ಬಂದು, "ಸಾವುಕಾರರೇ, ಮನೆಯವಳಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ, ಸ್ವಲ್ಪ ಹಣ..." ಎಂದರು. ಬ್ಯಾಡಗಿ ಮೆಣಸಿನಕಾಯಿಯ ಅಂದಿನ ಧಾರಣೆ ಆಗತಾನೆ ಮೊಬೈಲಿಗೆ ಬಂದಿತ್ತು. ಕಣ್ಣೆತ್ತದೆ "ನೋಡೋಣ" ಎಂದೆ. ಅವರು ಮತ್ತೆ ಕೇಳಲಿಲ್ಲ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಬೇರೆಡೆ ಸಾಲ ತಂದಿದ್ದರೆಂಬುದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ, ಅದೂ ಪರರ ಬಾಯಿಂದ.

ಇದನ್ನು ಯಾವ ದೋಷವೆಂದು ಕರೆಯೋಣ? ನಾನು ಸುಳ್ಳಾಡಲಿಲ್ಲ, ಕೊಡೆನೆಂದೂ ಹೇಳಲಿಲ್ಲ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಪ್ರಮಾದದಿಂದಲೇ ಆರಂಭಿಸುತ್ತಾರೆ. ಟೀಕಾಕಾರರು ಆ ಪ್ರಮಾದದಲ್ಲಿ ಕಷಾಯವನ್ನು ಕಂಡಿದ್ದಾರೆ. ಧಾರಣೆಯ ಮೇಲಿದ್ದ ನನ್ನ ಲೋಭ ಅದಲ್ಲದೆ ಮತ್ತೇನು?

ಯಂತ್ರವನ್ನೂ ದೂರಬಹುದು. ಬೆರಳು ಸರಿಸಿದಷ್ಟೂ ಪುಟ ಮುಗಿಯದೆ ಬೆಳೆಯುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ 2018ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಪರಿತಪಿಸಿದರು. ವ್ಯಾಪಾರಿಗೆ ಈ ತಂತ್ರ ಹೊಸದಲ್ಲ. ಗಿರಾಕಿ ಏಳಬಾರದೆಂದು ಒಂದರ ಮೇಲೊಂದು ಸೀರೆ ಬಿಡಿಸುತ್ತ ಹೋಗುವ ಅಂಗಡಿಗಳನ್ನು ನಾವೆಲ್ಲ ಬಲ್ಲೆವು. ಆದರೆ ಅಂದು ನನ್ನನ್ನು ಹಿಡಿದದ್ದು ಮುಗಿಯದ ಪುಟವಲ್ಲ, ಒಂದು ಸಾಲಿನ ಧಾರಣೆ.

ಮೊಬೈಲನ್ನು ಬಿಟ್ಟೇಬಿಡಿ ಎಂದು ಉಪದೇಶಿಸುವವರಿಗೆ ಪ್ರಾಯಶಃ ಅಂಗಡಿಯಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಗಿರಾಕಿಯ ಹಣ ಬರುವುದೂ ಅದರ ಮೂಲಕವೇ. ಗೃಹಸ್ಥನಿಗೆ ಪೂರ್ವಾಚಾರ್ಯರು ವಿಧಿಸಿರುವುದು ಸರ್ವತ್ಯಾಗವಲ್ಲ, ಪರಿಮಾಣ. ಈ ವಿಷಯದಲ್ಲಿ ದೇಶವ್ರತವನ್ನು ಮತ್ತೊಮ್ಮೆ ಓದಬೇಕು. ಇಂತಿಷ್ಟು ಕಾಲ ಈ ಮನೆ ಅಥವಾ ಈ ಬೀದಿಯ ಎಲ್ಲೆಯನ್ನು ದಾಟೆನೆಂಬ ನಿಯಮವದು. ಅದರ ಅತಿಚಾರಗಳು ಐದು: ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ, ತಾನು ಹೋಗದೆ ಮತ್ತೊಬ್ಬರನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ, ಕೆಮ್ಮಿಯೋ ಕೂಗಿಯೋ ಹೊರಗಿನವರಿಗೆ ಸೂಚಿಸುವುದು ಶಬ್ದಾನುಪಾತ, ತನ್ನ ರೂಪ ತೋರಿ ಸೂಚಿಸುವುದು ರೂಪಾನುಪಾತ, ಕಲ್ಲು ಮುಂತಾದುವನ್ನೆಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ಬಿ.ಕಾಂ. ಓದುವ ದಿನಗಳಲ್ಲಿ ಇದನ್ನು ಮೊದಲು ಓದಿದಾಗ, ಇಷ್ಟು ಸೂಕ್ಷ್ಮ ಯಾರಿಗೆ ಬೇಕು ಎಂದು ನಕ್ಕಿದ್ದೆ. ಇಂದು ಮೊಬೈಲಿನಲ್ಲಿ ಮೊದಲ ನಾಲ್ಕೂ ಒಟ್ಟಿಗೆ ನಡೆಯುತ್ತವೆ. ದೇಹ ಮನೆಯಲ್ಲಿದೆ, ಕಾಲು ಹೊಸ್ತಿಲು ದಾಟಿಲ್ಲ. ಆದರೆ ಶಬ್ದವೂ ರೂಪವೂ ಊರಾಚೆ ಓಡಾಡುತ್ತಿವೆ. ಕಾಲನ್ನು ಕಟ್ಟಿದರೆ ಸಾಲದೆಂದು ಅವರಿಗೆ ತಿಳಿದಿತ್ತು.

ಮೊಬೈಲ್ ಬಳಕೆಯ ಲೆಕ್ಕವನ್ನು ಮೊಬೈಲೇ ತೋರಿಸುವ ವ್ಯವಸ್ಥೆ 2018ರಿಂದಿದೆ. ಲೆಕ್ಕದವನಾಗಿಯೂ ನಾನದನ್ನು ತೆರೆದಿರಲಿಲ್ಲ. ತೆರೆದಾಗ ದಿನಕ್ಕೆ ನಾಲ್ಕು ಗಂಟೆ ಕಂಡಿತು. ಧಾರಣೆ ನೋಡಲು ಬೇಕಾದದ್ದು ಕಾಲು ಗಂಟೆ. ಉಳಿದ ಖರ್ಚಿಗೆ ನನ್ನಲ್ಲಿ ಚೀಟಿಯಿಲ್ಲ.

ಈಗ ಸಂಜೆ ಆರರಿಂದ ಎರಡು ಘಳಿಗೆ, ಎಂದರೆ ಸಾಮಾಯಿಕಕ್ಕೆ ಹೇಳಿರುವಷ್ಟೇ 48 ನಿಮಿಷ, ಮೊಬೈಲನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕುತ್ತೇನೆ. ಅಂಗಡಿಯವರು ಏನಾದರೂ ಹೇಳುವುದಿದ್ದರೆ ಆಗ ಬರುತ್ತಾರೆ. ಇದು ಸಾಮಾಯಿಕವಲ್ಲ, ಆ ಹೆಸರಿಗೆ ನನ್ನ ಮನಸ್ಸಿನ್ನೂ ಯೋಗ್ಯವಾಗಿಲ್ಲ. ಕೈ ಆಗಾಗ ತಾನಾಗಿಯೇ ಜೇಬಿಗೆ ಹೋಗಿ ಬರಿದೆ ಮರಳುತ್ತದೆ.

ಗುಮಾಸ್ತರ ಸಾಲವನ್ನು ನಾನು ತೀರಿಸಿದೆ. ಅದರಿಂದ ದೋಷವೂ ತೀರಿತೆನ್ನಲಾರೆ. ಅವರು ಈಗಲೂ ಮಾತನಾಡಲು ಬಂದಾಗ ಮೊದಲು ನನ್ನ ಮುಖವನ್ನಲ್ಲ, ಕೈಯನ್ನು ನೋಡುತ್ತಾರೆ.